ತೊಂಬತ್ತು ದಿನದ ಉಪ್ಪು

ಚನ್ನವೀರಪ್ಪನ ಬಾಯಿಂದ ‘ಗೊತ್ತಿಲ್ಲ’ ಎಂಬ ಮಾತು ಕೇಳಿದವರು ವೆಸ್ಟ್ ಮಾಂಬಲಂನಲ್ಲಿ ಒಬ್ಬರೂ ಇರಲಿಲ್ಲ. ಅಂಬತ್ತೂರಿನ ಬಣ್ಣದ ಕಾರ್ಖಾನೆಯಲ್ಲಿ ಅವನು ಗುಣಮಟ್ಟ ಪರೀಕ್ಷೆಯ ಮುಖ್ಯಸ್ಥ. ಅವನ ಸಹಿ ಬೀಳದೆ ಒಂದು ಡಬ್ಬಿ ಬಣ್ಣ ಗೇಟು ದಾಟುವಂತಿರಲಿಲ್ಲ. ಇಪ್ಪತ್ತೊಂದು ವರ್ಷ ಹೀಗೆ ಹೌದು, ಅಲ್ಲ ಎಂದು ಹೇಳಿ ಹೇಳಿ ಅದೇ ಸ್ವಭಾವವಾಗಿ ಹೋಗಿತ್ತು. ಕೆಳಗಿನ ಔಷಧದಂಗಡಿಯವನಿಗೆ ಮಾತ್ರೆಯ ಬಗ್ಗೆ, ಮೇಲಿನ ಮಹಡಿಯ ವಕೀಲರಿಗೆ ಕಾಯಿದೆಯ ಬಗ್ಗೆ ಬುದ್ಧಿ ಹೇಳಿ ಬರುವ ಆಸಾಮಿ ಅವನು. ಹದಿಮೂರು ವರ್ಷದ ಮಗಳು ಕೋಮಲಾ ಏನು ಕೇಳಿದರೂ ಭುಜ ಕುಣಿಸಿ ತಮಿಳಿನಲ್ಲಿ ‘ತೆರಿಯಾದುಪ್ಪಾ’, ಗೊತ್ತಿಲ್ಲಪ್ಪಾ, ಎಂದುಬಿಟ್ಟರೆ ಅವನಿಗೆ ಮೈಯೆಲ್ಲ ಉರಿಯುತ್ತಿತ್ತು. ಗೊತ್ತಿಲ್ಲದಿದ್ದರೆ ತಿಳಿದುಕೊಂಡು ಬಾ, ಆ ಮಾತು ಮಾತ್ರ ಈ ಮನೆಯಲ್ಲಿ ಬೇಡ ಎನ್ನುತ್ತಿದ್ದ.

ಇಂಥ ಮನುಷ್ಯ ಶ್ರೀನಾಥನಿಗೆ ಉಪ್ಪು ಆರಿಸಿಕೊಡುತ್ತೇನೆಂದು ಒಪ್ಪಿಕೊಂಡದ್ದು ತೊಂಬತ್ತೊಂಬತ್ತನೆಯ ಇಸವಿಯ ಜೂನ್ ತಿಂಗಳಲ್ಲಿ.

ಶ್ರೀನಾಥ ಮೈಸೂರಿನ ಕಡೆಯವನು, ವಿಮಾ ಕಂಪನಿಯಲ್ಲಿ ಅಧಿಕಾರಿ, ಮೆಲುಮಾತಿನ ಮನುಷ್ಯ. ಅಣ್ಣಾ ನಗರದ ಅವನ ಮನೆಯ ಹಾಲಿನಲ್ಲಿ ಆರಡಿ ಉದ್ದದ ಗಾಜಿನ ತೊಟ್ಟಿಯಿತ್ತು. ಅದರಲ್ಲಿ ಸಮುದ್ರದ ಮೀನುಗಳು, ನಡುವೆ ಕೊಂಬೆ ಕೊಂಬೆಯಾಗಿ ಹರಡಿಕೊಂಡ ನೇರಳೆ ಬಣ್ಣದ ಒಂದು ಜೀವಂತ ಹವಳ. ಹವಳ ಸಾಕಬಾರದೆಂಬ ಕಾನೂನು ಆಗಿನ್ನೂ ಬಂದಿರಲಿಲ್ಲ. ಮಗಳು ಮೌನ ಹುಟ್ಟಿದ ವಾರ ಅದನ್ನು ರಾಮೇಶ್ವರದ ಕಡೆಯವನೊಬ್ಬನಿಂದ ತಂದಿದ್ದ. ಆಗ ಅದು ಹೆಬ್ಬೆರಳಷ್ಟಿತ್ತು. ಪ್ರತಿ ಹುಟ್ಟುಹಬ್ಬಕ್ಕೆ ಮಗಳನ್ನು ಬಾಗಿಲಿಗೆ ಒರಗಿಸಿ ನಿಲ್ಲಿಸಿ ಅವಳ ಎತ್ತರಕ್ಕೊಂದು ಗೆರೆ, ತೊಟ್ಟಿಯ ಗಾಜಿನ ಮೇಲೆ ಹವಳದ ಅಗಲಕ್ಕೊಂದು ಗೆರೆ. ಎಂಟು ವರ್ಷದ ಎಂಟು ಗೆರೆಗಳು ಎರಡೂ ಕಡೆ ಇದ್ದವು. ಮೌನ ಶಾಲೆಯಿಂದ ಬಂದವಳೇ ಬ್ಯಾಗು ಇಳಿಸುವ ಮೊದಲು ಗಾಜಿನ ಮುಂದೆ ಹೋಗಿ ನಿಲ್ಲುತ್ತಿದ್ದಳು.

ಇಷ್ಟು ದಿನ ತೊಟ್ಟಿಗೆ ಬೇಕಾದ ನೀರನ್ನು ವ್ಯಾನಿನವನೊಬ್ಬ ಹದಿನೈದು ದಿನಕ್ಕೊಮ್ಮೆ ಕೋವಳಂ ಕಡಲಿನಿಂದ ಡ್ರಮ್ಮುಗಳಲ್ಲಿ ತುಂಬಿಕೊಂಡು ಬಂದು ಹಾಕಿ ಹೋಗುತ್ತಿದ್ದ. ಇನ್ನು ನಾಲ್ಕು ತಿಂಗಳಿಗೆ ವ್ಯಾನು ಮಾರಿ ಊರು ಸೇರಿಕೊಳ್ಳುತ್ತೇನೆಂದು ಅವನು ಹೇಳಿಬಿಟ್ಟ. ಇನ್ನು ಉಳಿದ ದಾರಿ ಒಂದೇ, ಪುಡಿ ಉಪ್ಪು. ಅದು ಅಡಿಗೆಯ ಉಪ್ಪಲ್ಲ. ಕಡಲಿನಲ್ಲಿ ಏನೇನಿದೆಯೋ ಅಷ್ಟನ್ನೂ ಅಳತೆ ಪ್ರಕಾರ ಕೂಡಿಸಿದ ಮಿಶ್ರಣ. ಶುದ್ಧ ನೀರಿಗೆ ಸುರಿದು ಕದಡಿದರೆ ಸಮುದ್ರ ಸಿದ್ಧ. ಕೊಳತ್ತೂರಿನ ಸಾಕುಮೀನಿನ ಅಂಗಡಿಗಳಲ್ಲಿ ಎರಡು ಬಗೆ ಸಿಗುತ್ತಿತ್ತು. ಒಂದು, ಸಿಂಗಪುರದಿಂದ ನೀಲಿ ಬಕೆಟ್ಟಿನಲ್ಲಿ ಬರುವುದು. ಇನ್ನೊಂದು, ತೂತ್ತುಕುಡಿಯ ಕಡೆ ಯಾರೋ ಬೆರೆಸಿ ಬಿಳಿ ಚೀಲದಲ್ಲಿ ಕಳಿಸುವುದು. ಇದರ ಬೆಲೆ ಬಕೆಟ್ಟಿನದರ ಮೂರರಲ್ಲೊಂದು ಪಾಲು. ಶ್ರೀನಾಥನಿಗೆ ದಿಕ್ಕೇ ತೋಚಲಿಲ್ಲ. ಒಂದು ಸಲ ಆರಿಸಿ ಸುರಿದಮೇಲೆ ತಪ್ಪಾಯಿತೆಂದರೆ ಎಂಟು ವರ್ಷದ ಜೀವ ಹೋಗುತ್ತದೆ. ಕನ್ನಡ ಸಂಘದ ಕಾರ್ಯಕ್ರಮಗಳಲ್ಲಿ ಪರಿಚಯವಾಗಿದ್ದ ಚನ್ನವೀರಪ್ಪನಿಗೆ ಫೋನು ಮಾಡಿ, ನೀವು ಕೆಮಿಸ್ಟ್ರಿ ಓದಿದವರು, ನೀವು ಹೇಳಿದ್ದನ್ನೇ ಹಾಕುತ್ತೇನೆ ಎಂದ.

ಇಂಥ ಮಾತು ಕಿವಿಗೆ ಬಿದ್ದರೆ ಚನ್ನವೀರಪ್ಪನಿಗೆ ಹೊಟ್ಟೆ ತುಂಬಿದ ಹಾಗೆ. ಸುಮ್ಮನೆ ಬಾಯಿಗೆ ಬಂದದ್ದು ಹೇಳುವವನಲ್ಲ ನಾನು, ತೊಂಬತ್ತು ದಿನ ಕೊಡಿ, ಪರೀಕ್ಷೆ ಮಾಡಿಯೇ ಹೇಳುತ್ತೇನೆ ಎಂದ. ಒಂದೇ ಅಳತೆಯ ಎರಡು ಪುಟ್ಟ ತೊಟ್ಟಿ ತಂದು ತನ್ನ ಮನೆಯ ಹಾಲಿನ ಎರಡು ಮೂಲೆಗೆ ಇಟ್ಟ. ಒಂದಕ್ಕೆ ಬಕೆಟ್ಟಿನ ಉಪ್ಪು, ಒಂದಕ್ಕೆ ಚೀಲದ ಉಪ್ಪು. ಎರಡಕ್ಕೂ ಒಂದೇ ಬಗೆಯ ದೀಪ, ಶ್ರೀನಾಥನ ಹವಳದಿಂದಲೇ ಮುರಿದು ತಂದ ಒಂದೊಂದು ಕೊಂಬೆ, ಕಿತ್ತಳೆ ಮೈಗೆ ಬಿಳಿ ಪಟ್ಟಿಯಿರುವ ಮೀನಿನ ಒಂದೊಂದು ಜೋಡಿ. ತೊಂಬತ್ತು ದಿನ ನೀರು ಬದಲಾಯಿಸುವಂತಿಲ್ಲ, ಆವಿಯಾದಷ್ಟನ್ನು ಗೆರೆಯ ತನಕ ಶುದ್ಧ ನೀರಿನಿಂದ ತುಂಬುವುದಷ್ಟೇ. ಉಪ್ಪಿನ ಯೋಗ್ಯತೆ ಆಗಲೇ ತಿಳಿಯುವುದು ಎಂಬುದು ಅವನ ಲೆಕ್ಕ. ಬೆಳಿಗ್ಗೆ ಸ್ನಾನ ಮುಗಿಸಿ ಬಂದು, ಕಾರ್ಖಾನೆಯಿಂದ ತಂದ ಗಾಜಿನ ನಳಿಗೆಯಿಂದ ಹನಿ ಹನಿ ಬಿಟ್ಟು, ಎರಡೂ ತೊಟ್ಟಿಯ ನೀರಿನಲ್ಲಿ ಸುಣ್ಣದ ಅಂಶ ಎಷ್ಟಿದೆ ಎಂದು ನೋಡಿ ನೋಟುಪುಸ್ತಕದಲ್ಲಿ ಬರೆಯುತ್ತಿದ್ದ. ಹವಳ ತನ್ನ ಮೈ ಕಟ್ಟಿಕೊಳ್ಳುವುದು ಆ ಸುಣ್ಣದಿಂದಲೇ. ನೀರಿನಲ್ಲಿ ಅದು ಕಡಿಮೆಯಾಯಿತೋ, ಹವಳ ನಿಂತುಹೋಗುತ್ತದೆ.

ಈ ವೈಭವವನ್ನೆಲ್ಲ ಉಯ್ಯಾಲೆಯ ಮೇಲೆ ಕೂತು ನೋಡುತ್ತಿದ್ದವಳು ಅವನ ತಾಯಿ ಶಿವಲಿಂಗಮ್ಮ. ಗದಗಿನಿಂದ ಬಂದು ಹತ್ತು ವರ್ಷವಾಗಿತ್ತು. ತಮಿಳು ಒಂದಕ್ಷರ ಬಾರದಿದ್ದರೂ ಬೀದಿಯ ವೀಳ್ಯದೆಲೆಯವಳೊಂದಿಗೆ ಅರ್ಧ ಗಂಟೆ ಹರಟೆ ಹೊಡೆದು ಬರುವಷ್ಟು ಗಟ್ಟಿಗಿತ್ತಿ. ಬೆಳಿಗ್ಗೆ ಲಿಂಗಪೂಜೆ, ನಾಷ್ಟಾ. ಮಗ ಕಾರ್ಖಾನೆಗೆ, ಸೊಸೆ ಜಗದೇವಿ ಬ್ಯಾಂಕಿಗೆ, ಮೊಮ್ಮಗಳು ಶಾಲೆಗೆ ಹೋದಮೇಲೆ, ಹತ್ತು ಗಂಟೆಗೆ ಎಲೆ-ಅಡಿಕೆಯ ತಟ್ಟೆ ಎಳೆದುಕೊಂಡು ಕೂತಳೆಂದರೆ ಮನೆ ಅವಳದು. ತಟ್ಟೆಯ ಪಕ್ಕ ಪಿಂಗಾಣಿಯ ಒಂದು ಭರಣಿ. ಅದರಲ್ಲಿ ಚಿಪ್ಪು ಸುಟ್ಟು ಮಾಡಿದ ಸುಣ್ಣ ಸದಾ ನೀರಲ್ಲಿ ನೆನೆದಿರುತ್ತಿತ್ತು.

ಇಪ್ಪತ್ತನೆಯ ದಿನವಿರಬೇಕು, ಚೀಲದ ಉಪ್ಪಿನ ತೊಟ್ಟಿಯ ಮೀನು ಕಲ್ಲಿಗೆ ಮೊಟ್ಟೆ ಅಂಟಿಸಿತು. ಸಾಸಿವೆಯಷ್ಟು ಸಣ್ಣ ಕಿತ್ತಳೆ ಚುಕ್ಕೆಗಳು. ಜೋಡಿಯಲ್ಲಿ ಒಂದು ಮೀನು ಆ ಕಲ್ಲಿನ ಹತ್ತಿರವೇ ನಿಂತು ಈಜುರೆಕ್ಕೆಯಿಂದ ಗಾಳಿ ಹಾಕುವಂತೆ ನೀರು ಬೀಸುತ್ತಿತ್ತು. ಅಂದು ಊಟಕ್ಕೆ ಕೂತಾಗ ಶಿವಲಿಂಗಮ್ಮನಿಗೆ ಆ ಮೀನಿನದೇ ಮಾತು: ಬಾಣಂತಿ, ಪಾಪ, ಒಂದು ನಿಮಿಷ ಅಡ್ಡಾಗಂಗಿಲ್ಲ. ಕಾವಲಿರುವುದು ತಾಯಲ್ಲ, ತಂದೆ ಮೀನು ಎಂದು ಕೋಮಲಾ ಬಿದ್ದು ಬಿದ್ದು ನಕ್ಕಳು. ಚನ್ನವೀರಪ್ಪ ತಟ್ಟೆಯ ಪಕ್ಕ ನೋಟುಪುಸ್ತಕ ಬಿಚ್ಚಿಕೊಂಡು, ಮೊಟ್ಟೆಯೇ ಬಂತೆಂದರೆ ಉಪ್ಪು ಒಗ್ಗಿದ ಹಾಗೇ ಎಂದು ಬರೆಯುತ್ತಿದ್ದ.

“ಯಾರರೆ ಆಗ್ಲಿ, ಬಾಣಂತಿದು ನಾ ನೋಡ್ಕೋತೀನಿ. ನೀ ನಿನ್ನ ಉಪ್ಪು ನೋಡ್ಕೊ” ಎಂದಳು ಶಿವಲಿಂಗಮ್ಮ.

ಚನ್ನವೀರಪ್ಪ ತಲೆಯೆತ್ತದೆ ಹೂಂ ಎಂದ.

ಅಲ್ಲಿಂದ ಮುಂದೆ ನೋಟುಪುಸ್ತಕದಲ್ಲಿ ವಿಚಿತ್ರ ನಡೆಯಿತು. ಬಕೆಟ್ಟಿನ ಉಪ್ಪಿನಲ್ಲಿ ಸುಣ್ಣದ ಅಂಶ ಲೀಟರಿಗೆ ನಾನೂರ ಇಪ್ಪತ್ತು ಮಿಲಿಗ್ರಾಮಿಗೆ ಶುರುವಾಗಿ ವಾರ ವಾರಕ್ಕೆ ಇಳಿಯುತ್ತ ಬಂತು. ಅದು ಸರಿಯೇ, ಹವಳ ತಿನ್ನುತ್ತಿದೆ. ಚೀಲದ ಉಪ್ಪಿನದು ಮುನ್ನೂರ ಎಂಬತ್ತಕ್ಕೆ ಶುರುವಾಗಿತ್ತು. ಅದು ಇಳಿಯುವುದು ಬಿಟ್ಟು ಮೆಲ್ಲಗೆ ಏರತೊಡಗಿತು. ಹೊರಗಿನಿಂದ ಯಾರೂ ಹಾಕದೆ ನೀರಿನಲ್ಲಿ ಸುಣ್ಣ ಹೆಚ್ಚುವುದುಂಟೆ? ಕಾರ್ಖಾನೆಯಲ್ಲಿ ಕೆಳಗಿನ ಹುದ್ದೆಯವನೊಬ್ಬ ಇಂಥ ಅಂಕಿ ತಂದಿದ್ದರೆ ಕಾಗದವನ್ನು ಅವನ ಮುಖಕ್ಕೆ ಎಸೆದು, ಯಾರೋ ಕೈ ಹಾಕಿದ್ದಾರೆ, ಹೋಗಿ ನೋಡು ಎನ್ನುತ್ತಿದ್ದ ಚನ್ನವೀರಪ್ಪ. ತನ್ನ ಮನೆಯ ಅಂಕಿಗೆ ಮಾತ್ರ ಅವನು ಒಂದು ಸಿದ್ಧಾಂತ ಕಟ್ಟಿದ. ಚೀಲದ ಉಪ್ಪಿನ ಕಾಳು ದಪ್ಪ, ಪೂರ್ತಿ ಕರಗಲು ಸಮಯ ಬೇಕು, ಅದಕ್ಕೇ ನಿಧಾನವಾಗಿ ಸುಣ್ಣ ಬಿಟ್ಟುಕೊಡುತ್ತದೆ ಎಂದು ಎರಡು ಪುಟ ಬರೆದು ಅಡಿಗೆರೆ ಎಳೆದ. ಆ ತೊಟ್ಟಿಗೆ ತುಂಬಬೇಕಾದ ನೀರೂ ದಿನಾ ಒಂದು ಲೋಟ ಕಡಿಮೆಯೇ ಹಿಡಿಯುತ್ತಿತ್ತು. ಅದಕ್ಕೆ ಫ್ಯಾನಿನ ಗಾಳಿ ಆ ಮೂಲೆಗೆ ತಾಕುವುದಿಲ್ಲ ಎಂಬ ಕಾರಣ ಸಿಕ್ಕಿತು. ಕಾರಣಗಳಿಗೇನು ಬರ, ಬುದ್ಧಿವಂತನಿಗೆ.

ತೊಂಬತ್ತನೆಯ ದಿನ ಅವನೇ ಅಣ್ಣಾ ನಗರಕ್ಕೆ ಹೋಗಿ ತೀರ್ಪು ಕೊಟ್ಟ. ಕಣ್ಣು ಮುಚ್ಚಿಕೊಂಡು ಚೀಲದ ಉಪ್ಪು ಹಾಕಿ, ಮೂರು ತಿಂಗಳು ನೀರು ಬದಲಾಯಿಸುವ ಕೆಲಸವೇ ಇಲ್ಲ. ಶ್ರೀನಾಥ ನೋಟುಪುಸ್ತಕವನ್ನು ಬಿಚ್ಚಿ ಕೂಡ ನೋಡಲಿಲ್ಲ. ನೀವು ನೋಡಿದ್ದೀರಲ್ಲ, ಸಾಕು ಎಂದು ಕಾಫಿ ತರಿಸಿದ.

ಜನವರಿಯಲ್ಲಿ ಮೌನಳ ಹುಟ್ಟುಹಬ್ಬ ಬಂತು. ಬಾಗಿಲ ಮೇಲೆ ಒಂಬತ್ತನೆಯ ಗೆರೆ ಎಳೆದರು. ಗಾಜಿನ ಮೇಲೆ ಎಳೆಯಲು ಹೋದಾಗ ಹವಳದ ಜೀವವಿದ್ದ ಭಾಗ ಎಂಟನೆಯ ಗೆರೆಯನ್ನೂ ಮುಟ್ಟುತ್ತಿರಲಿಲ್ಲ. ತುದಿಗಳೆಲ್ಲ ಸುಣ್ಣ ಬಳಿದ ಹಾಗೆ ಬೆಳ್ಳಗಾಗಿ, ಮೈ ಸುಲಿದು ಬರೀ ಅಸ್ಥಿ ಕಾಣುತ್ತಿತ್ತು. ಶ್ರೀನಾಥ ಆ ಕ್ಷಣವೇ ಫೋನು ಮಾಡಿದ.

ಚನ್ನವೀರಪ್ಪ ನಳಿಗೆ ಹಿಡಿದುಕೊಂಡು ಓಡಿದ. ಸುಣ್ಣದ ಅಂಶ ಇನ್ನೂರ ತೊಂಬತ್ತಕ್ಕೆ ಇಳಿದಿತ್ತು. ಎರಡು ಸಲ ನೋಡಿದ, ಅಷ್ಟೇ. ಪರೀಕ್ಷೆ ಮುಗಿದರೂ ಹಾಗೇ ಇಟ್ಟುಕೊಂಡ ತನ್ನ ತೊಟ್ಟಿಯಲ್ಲಿ ಅದೇ ಉಪ್ಪು, ನಾನೂರ ಇಪ್ಪತ್ತರಲ್ಲಿ ಕೂತಿದೆ. ಉಪ್ಪು ಸರಿಯಿದೆ, ಪರೀಕ್ಷೆ ಸರಿಯಿದೆ; ಹಾಗಾದರೆ ತಪ್ಪಿದ್ದು ಮನುಷ್ಯ. ಯಾವ ನೀರಿಗೆ ಕದಡಿದಿರಿ, ಟ್ಯಾಂಕರ್ ಲಾರಿಯ ನೀರಿಗೋ? ಅಳೆದು ಹಾಕಿದಿರೋ, ಕೈಯಲ್ಲಿ ಬಾಚಿ ಸುರಿದಿರೋ? ಶ್ರೀನಾಥ ಹೇಳಿದ ಒಂದೊಂದು ಉತ್ತರಕ್ಕೂ ತಲೆ ಅಲ್ಲಾಡಿಸಿದ. ಹುಟ್ಟುಹಬ್ಬಕ್ಕೆ ಬಂದ ನೆಂಟರು ಊಟದ ಎಲೆಯ ಮುಂದೆ ಕೂತು ಕೇಳುತ್ತಿದ್ದರು. ಮೌನ ಹೊಸ ಲಂಗ ತೊಟ್ಟುಕೊಂಡು ಗಾಜಿಗೆ ಕೈ ಹಚ್ಚಿ ನಿಂತಿದ್ದಳು.

“ಕೈ ಸ್ವಚ್ಛ ಇರಬೇಕ್ರೀ ಶ್ರೀನಾಥ. ಇದು ವಿಮಾ ಪಾಲಿಸಿ ಬರೆದಂಗಲ್ಲ. ನಿಮ್ಮ ಅಜಾಗರೂಕತೆಗೆ ನಾ ಏನ್ ಮಾಡ್ಲಿ?”

ನೆಂಟರ ಎದುರು ಶ್ರೀನಾಥನ ಮುಖ ಕೆಂಪಗಾಯಿತು. ಊಟ ಮಾಡಿಕೊಂಡು ಹೋಗಿ ಎಂದು ಅವನ ಹೆಂಡತಿ ಹೇಳಿದರೂ ಚನ್ನವೀರಪ್ಪ ನಿಲ್ಲಲಿಲ್ಲ. ಬಸ್ಸಿನಲ್ಲಿ ಬರುವಾಗ ಹುಡುಗಿಯ ಮುಖ ಒಂದೆರಡು ಸಲ ಕಣ್ಣಿಗೆ ಕಟ್ಟಿತು. ತಾನು ಹೇಳಿದ್ದು ನಿಜವೇ ತಾನೆ ಎಂದು ತನಗೆ ತಾನೇ ಹೇಳಿಕೊಂಡ. ಆಮೇಲೆ ಅಣ್ಣಾ ನಗರದಿಂದ ಫೋನು ಬರಲಿಲ್ಲ, ಇವನೂ ಮಾಡಲಿಲ್ಲ.

ಫೆಬ್ರವರಿಯಲ್ಲಿ ಗದಗಿನಲ್ಲಿ ಶಿವಲಿಂಗಮ್ಮನ ತಂಗಿಯ ಮೊಮ್ಮಗನ ತೊಟ್ಟಿಲು. ಅವಳು ಸುಣ್ಣದ ಭರಣಿಯ ಬಾಯಿಗೆ ಬಟ್ಟೆ ಕಟ್ಟಿ, ಎಲೆ-ಅಡಿಕೆಯ ಚೀಲ ಸೊಂಟಕ್ಕೆ ಸಿಕ್ಕಿಸಿಕೊಂಡು ರೈಲು ಹತ್ತಿದಳು. ತೊಟ್ಟಿಲ ನೆಪದಲ್ಲಿ ಹೋದವಳು ಬಂಧುಗಳ ಮನೆಯೆಲ್ಲ ಸುತ್ತಿ ಐದು ವಾರ ಅಲ್ಲೇ ಉಳಿದಳು.

ಎರಡನೆಯ ವಾರದಲ್ಲೇ ನೋಟುಪುಸ್ತಕದ ಅಂಕಿ ಇಳಿಯತೊಡಗಿತು. ನಾನೂರ ಇಪ್ಪತ್ತು, ನಾನೂರು, ಮುನ್ನೂರ ಎಪ್ಪತ್ತು. ಚನ್ನವೀರಪ್ಪ ನಳಿಗೆ ತೊಳೆದ, ದ್ರಾವಣ ಹೊಸದು ಮಾಡಿದ, ಕಾರ್ಖಾನೆಗೆ ನೀರು ಒಯ್ದು ಬೇರೆಯವರ ಕೈಯಲ್ಲಿ ನೋಡಿಸಿದ. ಅಂಕಿ ಇಳಿಯುತ್ತಲೇ ಹೋಯಿತು. ಮೀನು ಆಮೇಲಾಮೇಲೆ ಇಟ್ಟ ಮೊಟ್ಟೆಗಳು ನಿಲ್ಲಲಿಲ್ಲ. ಹವಳದ ತುದಿ ಬೆಳ್ಳಗಾಯಿತು. ಅದೇ ಬಿಳುಪು, ಶ್ರೀನಾಥನ ಮನೆಯಲ್ಲಿ ಕಂಡದ್ದು. ಹೊಸ ಚೀಲ ಕೆಟ್ಟಿರಬೇಕೆನ್ನೋಣವೆಂದರೆ ಅವನು ಹೊಸ ಚೀಲ ಬಿಚ್ಚಿಯೇ ಇರಲಿಲ್ಲ. ಮುಂಜಾನೆ ಎದ್ದವನೇ ತೊಟ್ಟಿಯ ಮುಂದೆ ಕುಕ್ಕುರುಗಾಲಲ್ಲಿ ಕೂತುಬಿಡುತ್ತಿದ್ದ. ಏನಾಗಿದೆ ಅದಕ್ಕೆ ಎಂದು ಜಗದೇವಿ ಕೇಳಿದರೆ ರೇಗುತ್ತಿದ್ದ. ಅವನಿಗೆ ಭಯವಾಗಿತ್ತು. ಹವಳ ಸಾಯುತ್ತದೆಂದು ಮಾತ್ರವಲ್ಲ, ಆ ನೋಟುಪುಸ್ತಕದಲ್ಲಿ ಏನೋ ಸುಳ್ಳಿದೆ, ಅದು ತನಗೆ ಕಾಣುತ್ತಿಲ್ಲ ಎಂದು.

ಮಾರ್ಚ್ ಮೂರನೆಯ ವಾರ ಶಿವಲಿಂಗಮ್ಮ ಬಂದಳು. ಕಾಲು ತೊಳೆದು, ನೀರು ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಳ್ಳುತ್ತ ತೊಟ್ಟಿಯ ಹತ್ತಿರ ಹೋಗಿ ಬಗ್ಗಿ ನೋಡಿದಳು.

“ಯವ್ವಾ, ಹೆಂಗ ಸೊರಗ್ಯಾವಲ್ಲೋ ಚನ್ನಾ. ನಾ ಇಲ್ಲಂತ ಯಾರೂ ಸುಣ್ಣದ ತಿಳಿ ಹಾಕಿಲ್ಲೇನು?”

“ಯಾವ ಸುಣ್ಣದ ತಿಳಿ?”

“ದಿನಾ ಹಾಕ್ತಿದ್ನಲ್ಲ, ಒಂದು ಲೋಟ. ಭರಣಿ ಮ್ಯಾಲಿನ ತಿಳಿನೀರು. ಬಾಣಂತಿಗೆ ಎಲಿ ಸುಣ್ಣ ಕೊಡಂಗಿಲ್ಲೇನು? ಮೀನ ಎಲಿ ಮೆಲ್ಲತೈತೇನು, ಅದಕ್ಕ ತಿಳಿನೀರು ಹಾಕ್ದೆ.”

ಯಾವಾಗಿನಿಂದ ಎಂದು ಕೇಳುವ ಹೊತ್ತಿಗೆ ಚನ್ನವೀರಪ್ಪನಿಗೆ ಉತ್ತರ ಗೊತ್ತಾಗಿತ್ತು. ತತ್ತಿ ಇಟ್ಟ ಮರುದಿನದಿಂದ. ಏರಿದ ಅಂಕಿ, ಕಡಿಮೆ ಹಿಡಿದ ಒಂದು ಲೋಟ ನೀರು, ಎರಡು ಪುಟದ ಸಿದ್ಧಾಂತ, ಎಲ್ಲವೂ ಒಟ್ಟಿಗೆ ಎದುರಿಗೆ ಬಂದು ನಿಂತವು. ಮೊದಲು ಬಂದದ್ದು ಸಿಟ್ಟೇ. ನನ್ನ ಕೇಳದೆ ಯಾಕೆ ಕೈ ಹಾಕಿದೆ, ನನ್ನ ಪರೀಕ್ಷೆಯನ್ನೆಲ್ಲ ಹಾಳು ಮಾಡಿದೆಯಲ್ಲ ಎಂದು ಕೂಗಾಡಿದ. ಒಳಗಿನಿಂದ ಜಗದೇವಿ, ಕೋಮಲಾ ಇಬ್ಬರೂ ಬಂದು ನಿಂತರು.

ಶಿವಲಿಂಗಮ್ಮ ಬೆದರಲಿಲ್ಲ. ಉಯ್ಯಾಲೆಯ ಮೇಲೆ ಕೂತು ಅವನು ಮುಗಿಸುವ ತನಕ ಕಾದಳು.

“ನಾ ಕದ್ದು ಹಾಕಿಲ್ಲಪ್ಪಾ. ಊಟಕ್ಕ ಕುಂತಾಗ ಹೇಳೀನಿ, ಬಾಣಂತಿದು ನಾ ನೋಡ್ಕೋತೀನಿ ಅಂತ. ನೀ ಹೂಂ ಅಂದಿ. ಚಿಪ್ಪು ಸುಟ್ಟ ಸುಣ್ಣ ಅದು, ಸಮುದ್ರದಾಗಿಂದ ಬಂದದ್ದು ಸಮುದ್ರದವರಿಗೇ ಕೊಟ್ಟೆ. ನಿನ್ನ ಉಪ್ಪಿಗೆ ನಾ ಕೈ ಹಚ್ಚಿಲ್ಲ.”

ಆ ಹೂಂ ಅವನಿಗೆ ನೆನಪಿತ್ತು. ಅದೇ ಕಷ್ಟವಾಯಿತು. ಆ ದಿನ ತಲೆಯೆತ್ತಿ, ನೋಡಿಕೊಳ್ಳುವುದೆಂದರೆ ಏನು ಮಾಡುತ್ತೀ ಅವ್ವಾ ಎಂದು ಒಂದು ಮಾತು ಕೇಳಿದ್ದರೆ ಸಾಕಿತ್ತು. ಪರೀಕ್ಷೆಯನ್ನು ಕೆಡಿಸಿದವಳು ಅವಳಲ್ಲ. ಅವಳು ಬಾಣಂತಿಗೆ ಮಾಡುವುದನ್ನು ಮಾಡಿದ್ದಳು, ಹೇಳಿಯೇ ಮಾಡಿದ್ದಳು. ಅಂಕಿ ಏರಿದಾಗ ಕೆದಕಿ ನೋಡದೆ ಸಿದ್ಧಾಂತ ಕಟ್ಟಿದವನು ತಾನು. ಅದರ ಮೇಲೆ, ಮಗಳ ಹುಟ್ಟುಹಬ್ಬದ ದಿನ ನೆಂಟರ ಎದುರು ಒಬ್ಬ ಮನುಷ್ಯನ ಕೈ ಸ್ವಚ್ಛವಿಲ್ಲ ಎಂದು ಬಂದವನೂ ತಾನೇ. ನಾಚಿಕೆ ಎಂದರೆ ಏನೆಂದು ನಲವತ್ತೇಳನೆಯ ವಯಸ್ಸಿಗೆ ಅವನಿಗೆ ತಿಳಿಯಿತು.

ಮರುದಿನ ಭಾನುವಾರ. ಹೋಗದೆ ಇರಲು ಬೇಕಾದಷ್ಟು ದಾರಿಗಳಿದ್ದವು. ಶ್ರೀನಾಥನಾಗಿ ಕೇಳುತ್ತಿರಲಿಲ್ಲ. ಹೊಸ ಉಪಾಯ ಸಿಕ್ಕಿತು, ಸುಣ್ಣದ ತಿಳಿ ಹಾಕಿ ನೋಡಿ ಎಂದು ಫೋನಿನಲ್ಲೇ ದೊಡ್ಡಸ್ತಿಕೆಯಿಂದ ಹೇಳಿಬಿಡಬಹುದಿತ್ತು. ಹವಳವೂ ಉಳಿಯುತ್ತಿತ್ತು, ಹೆಸರೂ ಉಳಿಯುತ್ತಿತ್ತು. ಬೆಳಗಿನ ಕಾಫಿ ಆರಿ ತಣ್ಣಗಾಗುವ ತನಕ ಇದನ್ನೇ ಯೋಚಿಸುತ್ತ ಕೂತ. ಆಮೇಲೆ ಎದ್ದು ಅಂಗಿ ಹಾಕಿಕೊಂಡು, ನೋಟುಪುಸ್ತಕ ತೆಗೆದುಕೊಂಡ. ಬಾಗಿಲಲ್ಲಿ ಶಿವಲಿಂಗಮ್ಮ ಏನೂ ಕೇಳದೆ ಒಂದು ಬಾಟಲಿ ತಿಳಿನೀರು ಕೈಗಿಟ್ಟಳು.

ಅಣ್ಣಾ ನಗರದ ಮನೆಯ ಬಾಗಿಲು ತೆರೆದವಳು ಮೌನ. ಒಳಗೆ ಹೋಗಿ ಅಪ್ಪನನ್ನು ಕರೆದಳು, ಅವನ ಹಿಂದೆಯೇ ನಿಂತಳು. ತೊಟ್ಟಿಯ ದೀಪ ಉರಿಯುತ್ತಿತ್ತು. ನಡುವಿನ ಕೊಂಬೆಗಳೆಲ್ಲ ಬಿಳಿ ಮೂಳೆಯಾಗಿದ್ದವು. ಬುಡದಲ್ಲಿ, ಅಂಗೈಯಷ್ಟು ಜಾಗದಲ್ಲಿ ಮಾತ್ರ ನೇರಳೆ ಬಣ್ಣ ಉಳಿದಿತ್ತು.

ಚನ್ನವೀರಪ್ಪ ಕೂರಲಿಲ್ಲ. ನಿಂತುಕೊಂಡೇ ಎಲ್ಲವನ್ನೂ ಹೇಳಿದ. ಅವ್ವನ ಬಾಣಂತಿ, ದಿನಕ್ಕೊಂದು ಲೋಟ ಸುಣ್ಣದ ತಿಳಿ, ಅಂಕಿ ಏರಿದ್ದು, ತಾನು ಕಟ್ಟಿದ ಕತೆ, ಎಲ್ಲ. ನೀರು ಬದಲಾಯಿಸಬೇಡಿ ಎಂದದ್ದೇ ನಿಮ್ಮ ಹವಳ ಕೊಂದದ್ದು, ಕದಡಿದ್ದರಲ್ಲಿ ನಿಮ್ಮದೇನೂ ತಪ್ಪಿರಲಿಲ್ಲ ಎಂದ. ಆಮೇಲೆ ಹುಡುಗಿಯ ಕಡೆ ತಿರುಗಿದ.

“ನಿಮ್ಮ ಅಪ್ಪನ ಕೈ ಸ್ವಚ್ಛ ಐತವ್ವಾ. ಅವತ್ತು ನಾ ಅಂದದ್ದು ಸುಳ್ಳು.”

ಶ್ರೀನಾಥ ಗಾಜಿನ ಮೇಲಿನ ಎಂಟನೆಯ ಗೆರೆಯನ್ನು ಬೆರಳಿನಿಂದ ಮುಟ್ಟಿದ. ಸಿಟ್ಟು ಮಾಡಿದ್ದರೆ ಚನ್ನವೀರಪ್ಪನಿಗೆ ಹಗುರಾಗುತ್ತಿತ್ತು.

“ಉಪ್ಪಿನ ವಿಷಯ ನಂಗೇನು ಗೊತ್ತು, ಚನ್ನವೀರಪ್ಪನವರೇ. ನಾನು ಉಪ್ಪನ್ನ ನಂಬಲಿಲ್ಲ, ನಿಮ್ಮನ್ನ ನಂಬಿದೆ” ಎಂದ ಮೆಲ್ಲಗೆ.

ಕೈಯಲ್ಲಿದ್ದ ಬಾಟಲಿಯನ್ನು ಮೇಜಿನ ಮೇಲಿಟ್ಟು ಚನ್ನವೀರಪ್ಪ ತಲೆ ತಗ್ಗಿಸಿ ನಿಂತ. ಒಳಗೆ ಕುಕ್ಕರ್ ಎರಡು ಸಲ ಕೂಗಿತು. ಮೌನ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ, ಇದನ್ನು ಈಗಲೇ ಹಾಕಬಹುದಾ ಎಂದು ಕೇಳಿದಳು. ಹಾಕಬಹುದು, ಒಂದೇ ಸಲಕ್ಕೆ ಸುರಿಯಬಾರದು, ಹನಿ ಹನಿಯಾಗಿ ಬಿಡಬೇಕು ಎಂದ. ಅವಳು ಸ್ಟೂಲು ಎಳೆದುಕೊಂಡು ಹತ್ತಿದಳು. ಶ್ರೀನಾಥ ಅವಳ ಸೊಂಟ ಹಿಡಿದುಕೊಂಡ. ನೀರಿಗೆ ಬಿದ್ದಲ್ಲಿ ತಿಳಿ ಸ್ವಲ್ಪ ಹೊತ್ತು ಹಾಲಿನಂತೆ ಕಂಡು ಕರಗಿಹೋಗುತ್ತಿತ್ತು.

ಬಾಟಲಿ ಅರ್ಧವಾದಾಗ ಶ್ರೀನಾಥ ಹಿಂತಿರುಗಿ ನೋಡದೆ ಕೇಳಿದ.

“ಮುಂದಿನ ವಾರ ಅರ್ಧ ನೀರು ಬದಲಾಯಿಸ್ತೀನಿ. ಯಾವ ಉಪ್ಪು ಹಾಕ್ಲಿ? ಬಕೆಟ್ಟಿಂದೋ, ಚೀಲದ್ದೋ?”

ಚನ್ನವೀರಪ್ಪನ ಕೈ ಅಭ್ಯಾಸಬಲದಿಂದ ನೋಟುಪುಸ್ತಕ ತೆರೆಯಿತು. ತೊಂಬತ್ತು ದಿನದ ಅಂಕಿಗಳು, ಅಡಿಗೆರೆ ಎಳೆದ ಎರಡು ಪುಟ, ಕೊನೆಯಲ್ಲಿ ತನ್ನದೇ ಸಹಿ. ಅದನ್ನು ಮುಚ್ಚಿದ. ತಂದೆ ಮಗಳು ಇಬ್ಬರೂ ಈಗ ಅವನ ಮುಖವನ್ನೇ ನೋಡುತ್ತಿದ್ದರು.

“ಗೊತ್ತಿಲ್ರೀ” ಎಂದ ಚನ್ನವೀರಪ್ಪ.

ಶ್ರೀನಾಥ ಮಗಳನ್ನು ಒಂದು ಕೈಯಲ್ಲಿ ಹಿಡಿದುಕೊಂಡೇ, ಇನ್ನೊಂದು ಕೈಯಿಂದ ಕುರ್ಚಿಯನ್ನು ಅವನ ಕಡೆಗೆ ಸರಿಸಿದ.